ದಂಡು ಮತ್ತು ದಂಡನೆ

(ಬಾನುಲಿ ಭಾಷಣ)

ನಮ್ಮ ಭಾಷೆಯಲ್ಲಿ 'ದಂಡ' ಎಂಬ ಮಾತು ಬಹಳ ಹಳೆಯದು. ಅದರ ಮೊದಲ ಅರ್ಥ ಕೋಲು. ಕೋಲು ಹಿಡಿದವನ ಕೈಗೆ ಅಧಿಕಾರ ಬರುವುದರಿಂದ ದಂಡವೆಂದರೆ ಶಿಕ್ಷೆಯೂ ಆಯಿತು, ತಪ್ಪಿಗೆ ತೆರುವ ಹಣವೂ ಆಯಿತು. ಅದೇ ಮಾತಿಗೆ ಸೈನ್ಯವೆಂಬ ಅರ್ಥವೂ ಉಂಟು. ದಂಡು ಎಂದರೆ ಪಡೆ. ದಂಡೆತ್ತಿ ಹೋಗುವುದೆಂದರೆ ಯುದ್ಧಕ್ಕೆ ಹೊರಡುವುದು. ಬೆಂಗಳೂರಿನ ಹಳಬರು ಕಂಟೋನ್ಮೆಂಟನ್ನು ದಂಡು ಎಂದೇ ಕರೆಯುತ್ತಾರೆ. ಹೊಯ್ಸಳರ ಶಾಸನಗಳಲ್ಲಿ ಬರುವ ದಂಡನಾಯಕರು ಪಡೆಯನ್ನೂ ನಡೆಸುತ್ತಿದ್ದರು, ನಾಡಿನ ಆಡಳಿತವನ್ನೂ ನೋಡುತ್ತಿದ್ದರು. ಇಂದಿನ ತಹಶೀಲ್ದಾರರ ನಾಮಫಲಕದಲ್ಲಿಯೂ 'ತಾಲ್ಲೂಕು ದಂಡಾಧಿಕಾರಿ' ಎಂಬ ಬರಹ ಇದೆ. ಆದರೆ ಅವರ ಬಳಿ ದಂಡೂ ಇಲ್ಲ, ಕೋಲೂ ಇಲ್ಲ. ಇರುವುದು ಕಾಗದ ಮತ್ತು ಮೊಹರು.

ಒಂದೇ ಬೇರಿನ ಈ ಎರಡು ಕವಲುಗಳನ್ನು, ಎಂದರೆ ದಂಡನ್ನೂ ದಂಡನೆಯನ್ನೂ, ಬೇರೆ ಬೇರೆ ಕೈಗಳಲ್ಲಿ ಇರಿಸಬೇಕೆಂಬ ತಿಳಿವು ಮನುಷ್ಯನಿಗೆ ಬಂದದ್ದು ತಡವಾಗಿ. ಬಂದ ಮೇಲೂ ಅದು ಸುಲಭವಾಗಿ ನಿಂತಿಲ್ಲ. ಸಂಜೆಯ ವಾಯುವಿಹಾರದಲ್ಲಿ, ಹೋಟೆಲಿನ ಕಾಫಿಯ ಮುಂದೆ, ರೈಲಿನ ಡಬ್ಬಿಯಲ್ಲಿ ನೀವೂ ಈ ಮಾತನ್ನು ಕೇಳಿರುತ್ತೀರಿ: "ಈ ದೇಶಕ್ಕೆ ಮಿಲಿಟರಿ ಆಡಳಿತವೇ ಸರಿ. ಕೋರ್ಟು ಕಚೇರಿ ಅಂತ ಹತ್ತು ವರ್ಷ ಅಲೆಯುವುದಕ್ಕಿಂತ ಎರಡು ದಿನದಲ್ಲಿ ತೀರ್ಮಾನ ಆಗುತ್ತದೆ." ಹೇಳುವವರು ಕೆಟ್ಟವರಲ್ಲ. ಬಹುಮಟ್ಟಿಗೆ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು ದಣಿದವರು. ಅವರ ದಣಿವು ನಿಜವಾದದ್ದು. ಆದರೆ ಅವರು ಬಯಸುವ ಎರಡು ದಿನದ ತೀರ್ಮಾನ ಎಂಥದೆಂಬುದನ್ನು ಕಂಡವರ ಅನುಭವವೂ ಅಷ್ಟೇ ನಿಜವಾದದ್ದು. ನಾನು ಕಾನೂನು ಪಂಡಿತನಲ್ಲ, ಕನ್ನಡ ಪಾಠ ಹೇಳಿದವನು. ಆದರೂ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಉತ್ತರ ಹುಡುಕಿದ ಒಂದೆರಡು ಪ್ರಸಂಗಗಳನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ಅಮೆರಿಕದ ಅಂತರ್ಯುದ್ಧದ ಕಾಲದ್ದು. 1861ರ ಮೇ 25ರ ಬೆಳಗಿನ ಜಾವ ಎರಡು ಗಂಟೆಯ ಹೊತ್ತಿಗೆ ಮೇರಿಲ್ಯಾಂಡ್ ರಾಜ್ಯದ ಜಾನ್ ಮೆರಿಮನ್ ಎಂಬ ಜಮೀನುದಾರನನ್ನು ಸೈನಿಕರು ಹಾಸಿಗೆಯಿಂದ ಎಬ್ಬಿಸಿ, ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯಲ್ಲಿ ಕೂಡಿಹಾಕಿದರು. ದಂಗೆಯವರ ಪಕ್ಷ ವಹಿಸಿದನೆಂಬುದು ಅವನ ಮೇಲಿನ ಆಪಾದನೆ. ಮುಖ್ಯ ನ್ಯಾಯಾಧೀಶ ರೋಜರ್ ಟೇನಿ ಆ ಬಂದಿಯನ್ನು ತನ್ನ ಮುಂದೆ ತಂದು ನಿಲ್ಲಿಸಬೇಕೆಂದು ಕೋಟೆಯ ಸೇನಾಪತಿಗೆ ಹೇಬಿಯಸ್ ಕಾರ್ಪಸ್ ಆಜ್ಞೆ ಕಳುಹಿಸಿದ. ಸೇನಾಪತಿ ಬರಲಿಲ್ಲ, ಬಂದಿಯನ್ನೂ ಕಳುಹಿಸಲಿಲ್ಲ; ಸಮವಸ್ತ್ರ ತೊಟ್ಟು ಕತ್ತಿ ಕಟ್ಟಿದ್ದ ಒಬ್ಬ ಅಧಿಕಾರಿಯ ಕೈಯಲ್ಲಿ ಉತ್ತರ ಕಳುಹಿಸಿದ. ಅಧ್ಯಕ್ಷರು ಇಂಥ ಆಜ್ಞೆಗಳನ್ನು ತಡೆಹಿಡಿಯುವ ಅಧಿಕಾರ ತನಗೆ ಕೊಟ್ಟಿದ್ದಾರೆ ಎಂಬುದು ಆ ಉತ್ತರದ ಸಾರ. ನ್ಯಾಯಾಲಯದ ಅಮೀನ ಮರುದಿನ ಕೋಟೆಯ ಬಾಗಿಲಿಗೆ ಹೋದಾಗ ಅವನನ್ನು ಒಳಗೇ ಬಿಡಲಿಲ್ಲ. ಎಂಬತ್ತನಾಲ್ಕು ವರ್ಷದ ಟೇನಿ ಮಾಡಬಹುದಾದದ್ದು ಒಂದೇ ಉಳಿದಿತ್ತು. ಈ ಅಧಿಕಾರ ಅಧ್ಯಕ್ಷನದಲ್ಲವೆಂದು ತನ್ನ ಅಭಿಪ್ರಾಯವನ್ನು ಬರೆದು, ಅದರ ಪ್ರತಿಯೊಂದನ್ನು ಲಿಂಕನ್ನನಿಗೇ ತಲಪುವಂತೆ ಮಾಡಿದ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಕಥೆಯಲ್ಲಿ ಸಾಮಾನ್ಯವಾಗಿ ನಾವು ಒಬ್ಬ ನಾಯಕನನ್ನೂ ಒಬ್ಬ ಖಳನನ್ನೂ ಹುಡುಕುತ್ತೇವೆ. ಗುಲಾಮರನ್ನು ಬಿಡುಗಡೆ ಮಾಡಿದ ಲಿಂಕನ್ ನಮ್ಮ ನಾಯಕ. ಟೇನಿಯಾದರೋ 1857ರಲ್ಲಿ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ, ಕರಿಯ ಜನ ಆ ದೇಶದ ಪ್ರಜೆಗಳೇ ಆಗಲಾರರೆಂದು ತೀರ್ಪು ಕೊಟ್ಟವನು. ಆದರೆ ಕೋಟೆಯ ಬಾಗಿಲಲ್ಲಿ ನ್ಯಾಯಾಲಯದ ಆಜ್ಞೆಯನ್ನು ಬಂದೂಕು ತಡೆದಾಗ, ನ್ಯಾಯದ ಮಾತು ಇದ್ದದ್ದು ಟೇನಿಯ ಬಾಯಲ್ಲಿ. ಒಳ್ಳೆಯವರು ಬಳಸಿದರು ಎಂದಮಾತ್ರಕ್ಕೆ ಒಂದು ಅಧಿಕಾರ ಒಳ್ಳೆಯದಾಗುವುದಿಲ್ಲ. ಈ ಅಧಿಕಾರ ನಾಳೆ ಯಾರ ಕೈಗೆ ಹೋಗುತ್ತದೆ ಎಂಬುದೇ ಕಾನೂನು ಕೇಳುವ ಪ್ರಶ್ನೆ.

ಮೆರಿಮನ್ನನ ಪ್ರಸಂಗದಲ್ಲಿ ಸೈನ್ಯ ನ್ಯಾಯಾಲಯಕ್ಕೆ ಬಾಗಿಲು ಮುಚ್ಚಿತು. ಮೂರು ವರ್ಷದ ಮೇಲೆ ಅದು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ತಾನೇ ನ್ಯಾಯಪೀಠದಲ್ಲಿ ಕುಳಿತಿತು. ಇಂಡಿಯಾನ ರಾಜ್ಯದ ಹಂಟಿಂಗ್ಟನ್ ಊರಿನಲ್ಲಿ ಲ್ಯಾಂಬ್ಡಿನ್ ಮಿಲಿಗನ್ ಎಂಬ ವಕೀಲನಿದ್ದ. ಯುದ್ಧವನ್ನೂ ಲಿಂಕನ್ನನನ್ನೂ ಕಟುವಾಗಿ ಖಂಡಿಸುತ್ತಿದ್ದವನು. ಗುಪ್ತ ಸಂಘವೊಂದರಲ್ಲಿ ಸೇರಿಕೊಂಡು, ಆಯುಧಾಗಾರಗಳನ್ನು ಹಿಡಿದು ದಕ್ಷಿಣದ ಯುದ್ಧಕೈದಿಗಳನ್ನು ಬಿಡಿಸುವ ಸಂಚು ಹೂಡಿದನೆಂಬ ಆರೋಪದ ಮೇಲೆ 1864ರ ಅಕ್ಟೋಬರ್ 5ರಂದು ಜನರಲ್ ಆಲ್ವಿನ್ ಹೋವಿಯ ಆಜ್ಞೆಯಂತೆ ಅವನನ್ನು ಮನೆಯಿಂದಲೇ ಹಿಡಿದೊಯ್ದರು. ಇಂಡಿಯಾನ ದಂಗೆಯೆದ್ದ ರಾಜ್ಯವಲ್ಲ. ಅಲ್ಲಿನ ನ್ಯಾಯಾಲಯಗಳು ಒಂದು ದಿನವೂ ಬಾಗಿಲು ಹಾಕಿರಲಿಲ್ಲ. ಆದರೂ ಮಿಲಿಗನ್ನನನ್ನು ನಿಲ್ಲಿಸಿದ್ದು ಸೇನಾಧಿಕಾರಿಗಳ ಆಯೋಗವೊಂದರ ಮುಂದೆ. ಅಲ್ಲಿ ಜ್ಯೂರಿ ಇಲ್ಲ. ಹಿಡಿದವರೂ ಆರೋಪಿಸಿದವರೂ ತೀರ್ಪು ಕೊಟ್ಟವರೂ ಒಂದೇ ಸಮವಸ್ತ್ರದವರು. ಗಲ್ಲು ಎಂದು ತೀರ್ಮಾನವಾಯಿತು. 1865ರ ಮೇ 19 ಎಂದು ದಿನವೂ ಗೊತ್ತಾಯಿತು.

ಅಷ್ಟರಲ್ಲಿ ಯುದ್ಧ ಮುಗಿದಿತ್ತು, ಲಿಂಕನ್ನನ ಕೊಲೆಯಾಗಿತ್ತು. ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮೊದಲು ದಿನವನ್ನು ಮುಂದಕ್ಕೆ ಹಾಕಿ, ಅನಂತರ ಗಲ್ಲನ್ನು ಜೀವಾವಧಿ ಸೆರೆಗೆ ಇಳಿಸಿದ. ಆದರೆ ಮಿಲಿಗನ್ ಕೇಳಿದ್ದು ದಯೆಯನ್ನಲ್ಲ. ತನ್ನನ್ನು ವಿಚಾರಿಸುವ ಅಧಿಕಾರ ಆ ಆಯೋಗಕ್ಕೆ ಇತ್ತೇ ಎಂಬುದು ಅವನ ಪ್ರಶ್ನೆ. 1863ರ ಕಾಯಿದೆಯೊಂದರ ಪ್ರಕಾರ, ಒಬ್ಬ ಬಂದಿಯ ಮೇಲೆ ಗ್ರ್ಯಾಂಡ್ ಜ್ಯೂರಿ ಆರೋಪಪಟ್ಟಿ ಹೊರಿಸದೆ ಎದ್ದುಹೋದರೆ ಅವನನ್ನು ಬಿಡತಕ್ಕದ್ದು. 1865ರ ಜನವರಿಯಲ್ಲಿ ಇಂಡಿಯಾನಾಪೊಲಿಸಿನಲ್ಲಿ ಗ್ರ್ಯಾಂಡ್ ಜ್ಯೂರಿ ಸೇರಿತ್ತು. ಮಿಲಿಗನ್ನನ ಮೇಲೆ ಆರೋಪ ಹೊರಿಸದೆಯೇ ಎದ್ದಿತ್ತು.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ ಸರ್ಕಾರದ ಕಡೆಯವರ ವಾದ ಸ್ಪಷ್ಟವಾಗಿತ್ತು. ಪ್ರಜೆಗಳ ಹಕ್ಕುಗಳನ್ನು ಹೇಳುವ ಸಂವಿಧಾನದ ಭಾಗಗಳು ಶಾಂತಿಕಾಲಕ್ಕೆ ಸೇರಿದವು. ಯುದ್ಧ ಬಂದಾಗ ಸೇನೆಯ ಅಧಿಪತಿಯ ಇಚ್ಛೆಯೇ ಅಳತೆಗೋಲು ಎಂಬುದು ಅದರ ತಿರುಳು. ಮಿಲಿಗನ್ನನ ಪರ ವಾದಿಸಿದವರಲ್ಲಿ ಜೇಮ್ಸ್ ಗಾರ್‌ಫೀಲ್ಡ್ ಒಬ್ಬ. ಮುಂದೆ ದೇಶದ ಅಧ್ಯಕ್ಷನಾದ ಈತ ಅದೇ ಯುದ್ಧದಲ್ಲಿ ಉತ್ತರದ ಪಡೆಯ ಜನರಲ್ ಆಗಿದ್ದವನು, ಲಿಂಕನ್ನನ ಪಕ್ಷದವನೇ. ಮಿಲಿಗನ್ನನ ರಾಜಕೀಯ ಅವನಿಗೆ ಸೇರುತ್ತಿರಲಿಲ್ಲ. ಆದರೂ ಆ ಕಕ್ಷಿದಾರನ ಪರ ನಿಂತು ವಾದಿಸಿದ.

1866ರ ಏಪ್ರಿಲ್‌ನಲ್ಲಿ ಬಿಡುಗಡೆಯ ಆಜ್ಞೆಯಾಯಿತು; ಡಿಸೆಂಬರಿನಲ್ಲಿ ತೀರ್ಪಿನ ಪೂರ್ಣಪಾಠ ಹೊರಬಂತು. ಬರೆದವನು ಡೇವಿಡ್ ಡೇವಿಸ್. ಈತ ಲಿಂಕನ್ನನ ಹಳೆಯ ಗೆಳೆಯ, 1860ರ ಚುನಾವಣೆಯಲ್ಲಿ ಅವನ ಗೆಲುವಿಗಾಗಿ ದುಡಿದವನು, ಅವನಿಂದಲೇ ನ್ಯಾಯಾಧೀಶನಾಗಿ ನೇಮಕಗೊಂಡವನು. ನ್ಯಾಯಾಲಯಗಳು ತೆರೆದಿದ್ದು ತಮ್ಮ ಕೆಲಸವನ್ನು ನಿರಾತಂಕವಾಗಿ ನಡೆಸುತ್ತಿರುವಾಗ ಸಾಮಾನ್ಯ ಪ್ರಜೆಯನ್ನು ಸೈನ್ಯ ವಿಚಾರಿಸಲಾಗದು. ಸಂವಿಧಾನವು ಯುದ್ಧಕ್ಕೂ ಶಾಂತಿಗೂ, ಆಳುವವರಿಗೂ ಆಳಿಸಿಕೊಳ್ಳುವವರಿಗೂ ಒಂದೇ ಕಾನೂನು ಎಂಬ ತಾತ್ಪರ್ಯದ ತೀರ್ಪು ಅದು. ಶತ್ರುವಿನ ದಾಳಿಯಿಂದ ನ್ಯಾಯಾಲಯಗಳೇ ನಿಂತುಹೋದ ಕಡೆ, ಬೇರೆ ದಾರಿಯಿಲ್ಲದೆ, ಅವು ಮತ್ತೆ ತೆರೆಯುವವರೆಗೆ ಮಾತ್ರ ಸೇನೆಯ ಆಡಳಿತಕ್ಕೆ ಎಡೆಯುಂಟು. ಮಿಲಿಗನ್ನನಿಗೆ ಬಿಡುಗಡೆಯಾಗಬೇಕೆಂಬುದರಲ್ಲಿ ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದಿದ್ದರು. ಶಾಸನಸಭೆ ಬಯಸಿದ್ದರೆ ಇಂಥ ಆಯೋಗಕ್ಕೆ ಅಧಿಕಾರ ಕೊಡಬಹುದಿತ್ತೇ ಎಂಬುದರಲ್ಲಿ ಮಾತ್ರ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾದರು.

ಈ ಕಥೆಗೆ ಒಂದು ಬಾಲವಿದೆ. ಬಿಡುಗಡೆಯಾದ ಮಿಲಿಗನ್ ತನ್ನನ್ನು ಹಿಡಿಸಿದ ಜನರಲ್ ಹೋವಿ ಮೊದಲಾದವರ ಮೇಲೆ ಪರಿಹಾರದ ದಾವೆ ಹೂಡಿದ. 1871ರಲ್ಲಿ ಜ್ಯೂರಿ ಅವನ ಪರವಾಗಿ ಹೇಳಿತು. ಕೊಡಿಸಿದ ಪರಿಹಾರ ಐದು ಡಾಲರು. ಗಲ್ಲಿನ ನೆರಳಿನಲ್ಲಿ ಕಳೆದ ದಿನಗಳಿಗೆ, ಸೆರೆಯಲ್ಲಿ ಹೋದ ಒಂದೂವರೆ ವರ್ಷಕ್ಕೆ ಐದು ಡಾಲರು! ನಗು ಬರುವ ಮೊತ್ತ. ಆದರೆ ಒಬ್ಬ ಜನರಲ್ಲನು ತನ್ನ ಕೈದಿಗೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗಿ ಬಂತು ಎಂಬುದರ ಬೆಲೆ ಆ ಐದು ಡಾಲರಿಗಿಂತ ಬಹಳ ದೊಡ್ಡದು.

ಈಗ ಇನ್ನೊಂದು ಮುಖ. ಬೇಹಾರಿಗೆ ಕುಳಿತವನಂತೆ ಬರಿಯ ಲಾಭವನ್ನೇ ಹೇಳಿ ಮುಗಿಸಿದರೆ ನಾನು ತಮಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಅಮೆರಿಕದಲ್ಲಿ 1878ರ ಜೂನ್ 18ರಂದು 'ಪಾಸೆ ಕಾಮಿಟೇಟಸ್' ಎಂಬ ಕಾಯಿದೆ ಬಂತು. ಹೆಸರು ಲ್ಯಾಟಿನ್, ಅರ್ಥ 'ಸೀಮೆಯ ಬಲ'. ಕಳ್ಳರು ಬಿದ್ದರೆಂದು ಊರ ಗೌಡ ಕೂಗು ಹಾಕಿ ಗಂಡಾಳುಗಳನ್ನು ಕೂಡಿಸುತ್ತಿದ್ದ ಹಾಗೆ, ಇಂಗ್ಲೆಂಡಿನಲ್ಲಿ ಷೆರೀಫನು ತನ್ನ ಸೀಮೆಯ ಜನರನ್ನು ಕೂಡಿಸುವ ಹಳೆಯ ಪದ್ಧತಿ ಅದು. ಸಂವಿಧಾನವಾಗಲಿ ಶಾಸನಸಭೆಯಾಗಲಿ ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟ ಹೊರತು, ಸೈನ್ಯವನ್ನು ಹೀಗೆ ಕಾನೂನು ಜಾರಿ ಮಾಡುವ ಕೆಲಸಕ್ಕೆ ಬಳಸುವುದೇ ಅಪರಾಧವೆಂದು ಕಾಯಿದೆ ಸಾರಿತು. ಮೊದಲು ಭೂಸೇನೆಗೆ ಮಾತ್ರ ಇದ್ದ ಈ ಕಟ್ಟು 1956ರಲ್ಲಿ ವಾಯುಸೇನೆಗೂ, 2021ರಲ್ಲಿ ನೌಕಾಪಡೆ ಮೊದಲಾದವಕ್ಕೂ ಹಬ್ಬಿತು.

ಕಾಯಿದೆಯ ಮಾತು ಸೊಗಸಾಗಿದೆ. ಹುಟ್ಟಿದ ಸಂದರ್ಭ ಸೊಗಸಾಗಿಲ್ಲ. ಅದಕ್ಕೆ ಮುಂಚೆ ದಕ್ಷಿಣದ ರಾಜ್ಯಗಳಲ್ಲಿ, ಹೊಸದಾಗಿ ಬಿಡುಗಡೆ ಹೊಂದಿದ ಕರಿಯ ಜನ ಮತ ಹಾಕಲು ಹೋದಾಗ ಅವರನ್ನು ಕಾಯುತ್ತಿದ್ದದ್ದು ಕೇಂದ್ರದ ಸೈನ್ಯ. ಆ ಸೈನ್ಯವನ್ನು ದೂರವಿರಿಸುವುದೇ ದಕ್ಷಿಣದ ಅನೇಕ ಪ್ರತಿನಿಧಿಗಳ ಉದ್ದೇಶವಾಗಿತ್ತು. ಸೈನಿಕರು ಹಿಂದೆ ಸರಿದರು. ಕರಿಯರ ಮತದ ಹಕ್ಕು ಮುಂದಿನ ದಶಕಗಳಲ್ಲಿ ಬಹುಮಟ್ಟಿಗೆ ಕಾಗದದ ಮೇಲೆ ಮಾತ್ರ ಉಳಿಯಿತು. ಇನ್ನೂ ಹಿಂದಕ್ಕೆ ಹೋದರೆ ಮತ್ತೊಂದು ವಿಪರ್ಯಾಸ. ಸೈನಿಕರನ್ನೂ ಹೀಗೆ ಕೂಡಿಸಬಹುದೆಂದು 1854ರಲ್ಲಿ ಸರ್ಕಾರದ ಮುಖ್ಯ ವಕೀಲ ಅಭಿಪ್ರಾಯ ಕೊಟ್ಟಿದ್ದು ಓಡಿಹೋದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಸಲುವಾಗಿ. ಆ ವರ್ಷ ಬಾಸ್ಟನ್ನಿನಲ್ಲಿ ಆಂಟನಿ ಬರ್ನ್ಸ್ ಎಂಬ ಗುಲಾಮನನ್ನು ನ್ಯಾಯಾಲಯದಿಂದ ಹಡಗಿನವರೆಗೆ ನಡೆಸಿಕೊಂಡು ಹೋದದ್ದು ಬಂದೂಕು ಹಿಡಿದ ಸಾಲುಗಳ ನಡುವೆ.

ಹಾಗಾದರೆ ನ್ಯಾಯಾಲಯದ ಆಜ್ಞೆಯ ಹಿಂದೆ ಸೈನ್ಯ ನಿಲ್ಲುವುದು ಒಳ್ಳೆಯದೋ ಕೆಟ್ಟದ್ದೋ? 1854ರ ಬಾಸ್ಟನ್ನನ್ನು ನೋಡಿದವರು ಕೆಟ್ಟದ್ದೆನ್ನುತ್ತಾರೆ. ಆದರೆ 1957ನ್ನು ನೋಡಿ. ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಿನ ಶಾಲೆಗೆ ಒಂಬತ್ತು ಮಂದಿ ಕರಿಯ ಮಕ್ಕಳು ಸೇರಬೇಕೆಂದು ನ್ಯಾಯಾಲಯದ ಆಜ್ಞೆಯಾಗಿತ್ತು. ರಾಜ್ಯಪಾಲ ಫಾಬಸ್ ತನ್ನ ರಾಜ್ಯದ ಪಡೆಯನ್ನು ನಿಲ್ಲಿಸಿ ಮಕ್ಕಳನ್ನು ತಡೆದ. ನ್ಯಾಯಾಲಯ ಆ ಅಡ್ಡಿಯನ್ನು ತೆಗೆಸಿದ ಮೇಲೆ ಶಾಲೆಯ ಮುಂದೆ ನೆರೆದ ಗುಂಪು ತಡೆಯಿತು. ಆಗ ಅಧ್ಯಕ್ಷ ಐಸೆನ್‌ಹೋವರ್, ಕಾಯಿದೆಯೇ ಇಂಥ ಸಂದರ್ಭಕ್ಕೆಂದು ಬಿಟ್ಟಿದ್ದ ದಾರಿಯನ್ನು ಹಿಡಿದು ಸೈನ್ಯವನ್ನು ಕಳುಹಿಸಿದ. ಸೆಪ್ಟೆಂಬರ್ 25ರಂದು ಆ ಮಕ್ಕಳು ಸೈನಿಕರ ಕಾವಲಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದರು.

ನನಗೆ ತೋರುವುದು ಇಷ್ಟು. ಕಾನೂನು ಅಧರ್ಮವನ್ನು ಹೇಳಿದರೆ ಅದರ ಹಿಂದೆ ನಿಂತ ಬಂದೂಕೂ ಅಧರ್ಮವನ್ನೇ ಕಾಯುತ್ತದೆ. ಅದಕ್ಕೆ ಮದ್ದು ಕಾನೂನನ್ನು ತಿದ್ದುವುದು. ಆದರೆ ಕಾನೂನನ್ನು ತಿದ್ದಲು ಬರುವುದು ಎಲ್ಲಿಯವರೆಗೆ? ಬಂದೂಕು ಅದರ ಹಿಂದೆ ಇರುವವರೆಗೆ ಮಾತ್ರ. ಬಂದೂಕು ಕಾನೂನಿನ ಮುಂದೆ ಬಂದು ನಿಂತರೆ ತಿದ್ದುವ ಕೈಗೆ ಎಡೆಯೇ ಇರುವುದಿಲ್ಲ. ಲಿಟಲ್ ರಾಕಿನಲ್ಲಿ ಸೈನಿಕರು ನ್ಯಾಯಾಲಯದ ಬಾಗಿಲನ್ನು ಕಾದರು. ಇಂಡಿಯಾನಾಪೊಲಿಸಿನಲ್ಲಿ ಅವರು ಅದರ ಪೀಠವನ್ನೇ ಏರಿದ್ದರು.

ಪೀಠವನ್ನು ಏರಿದರೆ ಏನಾಗುತ್ತದೆಂಬುದಕ್ಕೆ ಹವಾಯಿ ದ್ವೀಪಗಳು ಸಾಕ್ಷಿ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದ ದಿನವೇ ಅಲ್ಲಿ ಮಾರ್ಷಲ್ ಲಾ ಬಂತು. ಭಯ ಸಹಜವಾದದ್ದೇ. ಆದರೆ ಭಯ ಇಳಿದ ಮೇಲೂ, 1944ರ ಅಕ್ಟೋಬರಿನವರೆಗೂ ಅದು ಮುಗಿಯಲಿಲ್ಲ. ಒಬ್ಬ ಷೇರು ದಲ್ಲಾಳಿಯ ಹಣ ದುರುಪಯೋಗ, ಹಡಗುಕಟ್ಟೆಯ ಒಬ್ಬ ಕೆಲಸಗಾರ ಕಾವಲಿನವರೊಡನೆ ಮಾಡಿದ ಜಗಳ, ಇಂಥವೂ ಸೇನೆಯ ನ್ಯಾಯಾಲಯಕ್ಕೇ ಹೋದವು. ಹೇಬಿಯಸ್ ಕಾರ್ಪಸ್ ಅರ್ಜಿ ಸ್ವೀಕರಿಸಕೂಡದೆಂದು ಸೇನಾಪತಿ ನ್ಯಾಯಾಧೀಶನಿಗೇ ಆಜ್ಞೆ ಮಾಡಿದ. ನ್ಯಾಯಾಧೀಶ ಸೇನಾಪತಿಗೆ ನ್ಯಾಯಾಲಯ ನಿಂದನೆಗಾಗಿ ಐದು ಸಾವಿರ ಡಾಲರು ದಂಡ ಹಾಕಿದ. ಕೊನೆಗೆ 1946ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಸೇನಾ ವಿಚಾರಣೆಗಳು ಅಕ್ರಮವೆಂದು ಹೇಳಿತು. ಯುದ್ಧ ಮುಗಿದ ಮೇಲೆ ಎಂಬುದನ್ನು ಗಮನಿಸಬೇಕು. 1866ರಲ್ಲಿಯೂ ಹಾಗೆಯೇ ಆಗಿತ್ತು. ತೋಪುಗಳು ಸುಮ್ಮನಾದ ಮೇಲೆಯೇ ನ್ಯಾಯಾಧೀಶರಿಗೆ ಧೈರ್ಯ ಬರುತ್ತದೆಂದು ಕೆಲವರು ಹಾಸ್ಯ ಮಾಡುತ್ತಾರೆ. ಹಾಸ್ಯದಲ್ಲಿ ಸತ್ಯವಿದೆ. ಆದರೆ ತಡವಾಗಿ ಬರೆದ ತೀರ್ಪೂ ಮುಂದಿನ ಸಲಕ್ಕೆ ಮೊದಲೇ ಬರೆದಿಟ್ಟದ್ದಾಗಿರುತ್ತದೆ. 2025ರಲ್ಲಿ ಲಾಸ್ ಏಂಜಲಿಸ್ ನಗರಕ್ಕೆ ಸೈನಿಕರನ್ನು ಕಳುಹಿಸಿದಾಗ, ಕೇಂದ್ರ ಜಿಲ್ಲಾ ನ್ಯಾಯಾಧೀಶರೊಬ್ಬರು ಅದೇ 1878ರ ಕಾಯಿದೆಯನ್ನು ಮುಂದಿಟ್ಟುಕೊಂಡೇ ಸರ್ಕಾರದ ವಿರುದ್ಧ ತೀರ್ಪು ಬರೆದರು. ಆ ತೀರ್ಪು ಮೇಲ್ಮನವಿಗೆ ಹೋಯಿತು.

ನಮ್ಮ ದೇಶಕ್ಕೆ ಈ ಪಾಠ ಪುಸ್ತಕದಿಂದ ಬಂದದ್ದಲ್ಲ. 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗನ್ನು ಎಲ್ಲರೂ ಬಲ್ಲೆವು. ಅದರ ಬೆನ್ನಿಗೇ ಪಂಜಾಬಿನಲ್ಲಿ ನಡೆದ ವಿಚಾರಣೆಗಳನ್ನು ನೆನೆಯುವವರು ಕಡಿಮೆ. ಮಾರ್ಷಲ್ ಲಾ ಘೋಷಣೆಯಾಯಿತು. ಲಾಹೋರಿನ ಹೈಕೋರ್ಟು ಇದ್ದಂತೆಯೇ ವಿಶೇಷ ಆಯೋಗಗಳು ಬಂದವು. ಘೋಷಣೆಗೆ ಮುಂಚೆ ನಡೆದ ಕೃತ್ಯಗಳೂ ಅವುಗಳ ಕೈಗೆ ಹೋದವು. ಆ ಪ್ರದೇಶಕ್ಕೆ ಹೊರಗಿನ ವಕೀಲರು ಬಂದು ವಾದಿಸುವಂತಿರಲಿಲ್ಲ. ಸಣ್ಣ ತಪ್ಪುಗಳನ್ನು ಸೇನಾಧಿಕಾರಿಗಳೇ ಸ್ಥಳದಲ್ಲಿ ತೀರ್ಮಾನಿಸಿ ಚಾವಟಿಯಿಂದ ಹೊಡೆಸಿದರು. 'ಟ್ರಿಬ್ಯೂನ್' ಪತ್ರಿಕೆಯ ಸಂಪಾದಕ ಕಾಳೀನಾಥ ರಾಯರು ತಾವು ಬರೆದ ಬರಹಗಳಿಗಾಗಿ ಎರಡು ವರ್ಷದ ಶಿಕ್ಷೆಗೆ ಗುರಿಯಾದರು. ನೂರಕ್ಕೂ ಹೆಚ್ಚು ಜನರಿಗೆ ಮರಣದಂಡನೆ ವಿಧಿಸಲಾಯಿತು. ಗದ್ದಲ ಎದ್ದ ಮೇಲೆ ಬಹುಮಂದಿಯ ಶಿಕ್ಷೆ ಇಳಿಯಿತು ನಿಜ. ಎರಡು ದಿನದ ತೀರ್ಮಾನವೆಂದರೆ ಇದು.

ಇಂದಿನ ನಮ್ಮ ಕಾನೂನು ಆ ನೆನಪನ್ನು ಇಟ್ಟುಕೊಂಡಂತಿದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗೆ ಬಂದಿರುವ ನಿಯಮಗಳನ್ನು ನೋಡಿ. ಗುಂಪು ಚದುರದಿದ್ದರೆ ಸೈನ್ಯವನ್ನು ಕರೆಯಬೇಕಾದವರು ಜಿಲ್ಲಾ ದಂಡಾಧಿಕಾರಿಗಳು, ಇಲ್ಲವೆ ಅವರು ಅಧಿಕಾರ ಕೊಟ್ಟ ದಂಡಾಧಿಕಾರಿಗಳು. ಬಂದ ಸೇನಾಧಿಕಾರಿ ಕೆಲಸ ಸಾಗುವಷ್ಟೇ ಬಲ ಬಳಸಬೇಕು. ಜನಕ್ಕೂ ಆಸ್ತಿಗೂ ಆದಷ್ಟು ಕಡಿಮೆ ಹಾನಿ ಮಾಡಬೇಕು. ದಂಡಾಧಿಕಾರಿಯ ಸಂಪರ್ಕವೇ ಸಿಗದ ಗಂಡಾಂತರದಲ್ಲಿ ಸೇನಾಧಿಕಾರಿ ತಾನೇ ಮುಂದಾಗಬಹುದು. ಆದರೆ ಸಂಪರ್ಕ ಸಿಕ್ಕಿದ ಕ್ಷಣದಿಂದ ಅವರ ಮಾತಿನಂತೆ ನಡೆಯಬೇಕು. ಗುಂಪಿನವರನ್ನು ಅವನು ಹಿಡಿಯಬಹುದು; ಶಿಕ್ಷಿಸುವುದು ಕಾನೂನಿನ ಪ್ರಕಾರ, ನ್ಯಾಯಾಲಯದಲ್ಲಿ. ಬಂದೂಕಿಲ್ಲದ ಆ ತಾಲ್ಲೂಕು ದಂಡಾಧಿಕಾರಿಯ ಮೊಹರಿನ ತೂಕ ಇಲ್ಲಿ ತಿಳಿಯುತ್ತದೆ.

ಸೈನಿಕನೇ ತಪ್ಪು ಮಾಡಿದರೆ? 1950ರ ಸೇನಾ ಕಾಯಿದೆಯ ಪ್ರಕಾರ, ಸೈನಿಕನಲ್ಲದವನ ಕೊಲೆ, ಅಥವಾ ಅತ್ಯಾಚಾರ ಇಂಥ ಅಪರಾಧಗಳನ್ನು, ಯುದ್ಧಸೇವೆ ಮೊದಲಾದ ಕೆಲವು ಸಂದರ್ಭಗಳ ಹೊರತು, ಸೇನಾ ನ್ಯಾಯಾಲಯ ವಿಚಾರಿಸುವಂತಿಲ್ಲ. ಈಶಾನ್ಯದ ರಾಜ್ಯಗಳಲ್ಲಿ 1958ರಿಂದ ನಡೆದುಬಂದ ವಿಶೇಷಾಧಿಕಾರದ ಕಾಯಿದೆಯಲ್ಲಿ ಈ ಗೆರೆ ಮಸುಕಾದದ್ದುಂಟು. ಅದರಡಿ ಮೊಕದ್ದಮೆ ಹೂಡಲು ಕೇಂದ್ರದ ಅನುಮತಿ ಬೇಕು. 1997ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿದರೂ, ಸೈನ್ಯ ಬರುವುದು ನಾಗರಿಕ ಆಡಳಿತದ ನೆರವಿಗೇ ಹೊರತು ಅದರ ಜಾಗದಲ್ಲಿ ಕೂರುವುದಕ್ಕಲ್ಲ ಎಂದಿತು. 2016ರಲ್ಲಿ ಮಣಿಪುರದ ಸಾವುಗಳ ಮೊಕದ್ದಮೆಯಲ್ಲಿ, ಮಿತಿಮೀರಿದ ಬಲಪ್ರಯೋಗಕ್ಕೆ ಸಂಪೂರ್ಣ ರಕ್ಷಣೆ ಯಾರಿಗೂ ಇಲ್ಲವೆಂದು ಹೇಳಿತು. ಮಾತು ಹೇಳಿದಷ್ಟು ಬೇಗ ನ್ಯಾಯ ಕೈಸೇರಿತೆಂದು ಅಲ್ಲಿನ ತಾಯಂದಿರ ಎದುರು ನಾನು ಹೇಳಲಾರೆ.

ಇದೆಲ್ಲ ಸೈನಿಕನ ಮೇಲಿನ ಅಪನಂಬಿಕೆಯಲ್ಲವೇ ಎಂದು ಕೇಳಬಹುದು. ಸೈನ್ಯ ಸೇರಿ ನಿವೃತ್ತನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ನಾನು ಇದನ್ನೇ ಕೇಳಿದೆ. ಅವನು ಹೇಳಿದ: "ಇಲ್ಲ ಸಾರ್. ಎದುರಿಗೆ ಇರುವವನು ಶತ್ರು ಅಂತ ನಮಗೆ ಕಲಿಸುತ್ತಾರೆ. ಊರ ಬೀದಿಯಲ್ಲಿ ನಿಲ್ಲಿಸಿದರೆ ಎದುರಿಗೆ ಇರುವವರು ನಮ್ಮ ಮನೆಯವರ ಥರಾನೇ ಕಾಣುತ್ತಾರೆ. ಬೇಗ ವಾಪಸು ಕರೆಸಿಕೊಂಡರೆ ಸಾಕು ಅನ್ನಿಸುತ್ತದೆ." ಸೈನಿಕನು ತನ್ನ ಕೆಲಸಕ್ಕಾಗಿ ಕಲಿತದ್ದು ಶೀಘ್ರತೆ ಮತ್ತು ವಿಧೇಯತೆ. ನ್ಯಾಯಾಧೀಶನಿಗೆ ಬೇಕಾದದ್ದು ತಾಳ್ಮೆ ಮತ್ತು ಸಂದೇಹ. ಎರಡೂ ಸದ್ಗುಣಗಳೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಎರಡೂ ಕೆಡುತ್ತವೆ. ಸಂದೇಹಪಡುತ್ತ ನಿಂತ ಸೈನಿಕ ಗಡಿಯನ್ನು ಕಳೆದುಕೊಳ್ಳುತ್ತಾನೆ. ಅವಸರಪಡುವ ನ್ಯಾಯಾಧೀಶ ನಿರಪರಾಧಿಯನ್ನು ಕಳೆಯುತ್ತಾನೆ.

ಆದ್ದರಿಂದ ನ್ಯಾಯಾಲಯ ತಡ ಮಾಡುತ್ತದೆಂದು ಬೇಸತ್ತ ಗೆಳೆಯರಿಗೆ ನನ್ನ ವಿನಂತಿ ಇಷ್ಟೇ. ತಡವನ್ನು ಕಳೆಯಲು ಇನ್ನಷ್ಟು ನ್ಯಾಯಾಧೀಶರನ್ನು ಕೇಳೋಣ, ಇನ್ನಷ್ಟು ನ್ಯಾಯಾಲಯಗಳನ್ನು ಕೇಳೋಣ, ವಾಯಿದೆಯ ಮೇಲೆ ವಾಯಿದೆ ಕೊಡದ ನಿಯಮವನ್ನು ಕೇಳೋಣ. ಅವನ್ನೆಲ್ಲ ಗಟ್ಟಿಯಾಗಿಯೇ ಕೇಳೋಣ. ಆದರೆ ದಂಡನೆಯನ್ನು ದಂಡಿನ ಕೈಗೆ ಕೊಡಿರೆಂದು ಮಾತ್ರ ಕೇಳುವುದು ಬೇಡ. ಕೊಟ್ಟದ್ದನ್ನು ಹಿಂದಕ್ಕೆ ಕೇಳಲು ಹೋಗಬೇಕಾದ ಬಾಗಿಲಿನಲ್ಲಿ ಅಂದು ಕಾವಲು ನಿಂತಿರುವವರು ಯಾರೆಂಬುದನ್ನು ಮೆಕ್‌ಹೆನ್ರಿ ಕೋಟೆಗೆ ಹೋದ ಆ ಅಮೀನ ಬಲ್ಲ.